ಆಗಸ್ಟ್‌ನಲ್ಲಿ ಬರಬೇಡ

ಸೆಫ್ರು, ಮೊರಾಕೊ
ಜೂನ್ ೧೧

ಪ್ರೀತಿಯ ಮಾರಿಟ್,

ನಮ್ಮ ಅನಾಥಾಲಯದ ಮಕ್ಕಳ ಜೊತೆ ಇರಲು ಆಗಸ್ಟ್‌ನಲ್ಲಿ ಮತ್ತೆ ಹತ್ತು ದಿನ ಬರುತ್ತೇನೆಂದು ಬರೆದಿದ್ದೀಯ. ದಯವಿಟ್ಟು ಬರಬೇಡ. ನುಹೈಲಾಳಿಗೆಂದು ಕೊಂಡ ಗೊಂಬೆಯನ್ನು ಅಂಚೆಯಲ್ಲಿ ಕಳಿಸು, ಆದರೆ ಅದರ ಮೇಲೆ ನಿನ್ನ ಹೆಸರು ಬೇಡ.

ನೀನು ಬರುವ ಮೊದಲು ಆ ನಾಲ್ಕು ವರ್ಷದ ಮಗು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಮೂರೇ ವಾರದಲ್ಲಿ ನಿನ್ನನ್ನು ಅಮ್ಮ ಎಂದಳು. ಅದು ನಿನ್ನ ಒಳ್ಳೆಯತನವೇ, ನಾನು ಅಲ್ಲಗಳೆಯುವುದಿಲ್ಲ. ಹೊರಡುವ ದಿನ ಅವಳು ಅಳಬಾರದೆಂದು "ನಾಳೆ ಬರ್ತೀನಿ" ಎಂದು ಹೇಳಿ ಹೋದೆ. ಮರುದಿನದಿಂದ ಅವಳು ಬೂಟು ಹಾಕಿಕೊಂಡು ಗೇಟಿನ ಹತ್ತಿರವೇ ಕೂತಳು. ಸೂಪು ಬಾಯಿಗಿಟ್ಟರೆ ಉಗುಳಿದಳು. ಹನ್ನೆರಡನೆಯ ದಿನ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿಗೂ ನಿನ್ನಂತೆ ಸ್ವಯಂಸೇವೆಗೆಂದು ಬಂದ ಪರದೇಶದ ಹುಡುಗಿಯರು ಮಕ್ಕಳನ್ನು ನಗಿಸಲು ಬಲೂನು ಹಿಡಿದು ಬಂದರು. ನುಹೈಲಾ ಗೋಡೆಯ ಕಡೆ ತಿರುಗಿ ಮಲಗಿದಳು. ಸೂಜಿ ಚುಚ್ಚಿದರೂ ಅಳಲಿಲ್ಲ.

"ಎಷ್ಟು ಜಾಣ ಮಗು ಕಣಮ್ಮ, ಒಂಚೂರೂ ಕಾಟ ಕೊಡಲ್ಲ," ಎಂದಳು ನರ್ಸ್.

ಹತ್ತೊಂಬತ್ತು ವರ್ಷದಿಂದ ಇಂಥ ಮಕ್ಕಳನ್ನು ಸಾಕುತ್ತಿರುವವಳು ನಾನು. ಯಾರೂ ಬರುವುದಿಲ್ಲವೆಂದು ಗೊತ್ತಾದ ಮಗು ಮಾತ್ರ ಹಾಗೆ ಅಳು ನಿಲ್ಲಿಸುತ್ತದೆ.

ಈಗ ವಾಪಸು ಬಂದಿದ್ದಾಳೆ, ಕೊಟ್ಟಿದ್ದನ್ನು ತಿನ್ನುತ್ತಾಳೆ. ನಿನ್ನೆ ತಲೆ ಬಾಚುವಾಗ ಕೇಳಿದಳು: "ಚಿಕ್ಕಮ್ಮ, ನೀನು ಯಾವತ್ತು ಹೋಗ್ತೀಯ?"

"ನಾನೆಲ್ಲಿಗೆ ಹೋಗ್ಲಿ ಕಂದಾ? ಇಲ್ಲೇ ಇರ್ತೀನಿ," ಎಂದೆ.

ವಯಸ್ಸಾಯಿತೆಂದು ಈ ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಡಿಸುತ್ತಿದ್ದಾರೆ, ಮಾರಿಟ್. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲದ,
ಯಾಮ್ನಾ