ಮರಿಗಳಿಗೆ ಮಾಡಿದ ಐದು ಭಾಷಣ

ಜೂನ್ 3, ಬೆಳಗ್ಗೆ

ಶೆಡ್ಡು ಗುಡಿಸಿದ್ದಾಯಿತು. ಹೊಟ್ಟಿನ ಮೇಲೆಲ್ಲ ರಕ್ತ ಬೆರೆತ ಹಿಕ್ಕೆ. ನೂರಿಪ್ಪತ್ತು ಮರಿಗಳಲ್ಲಿ ಮೂವತ್ತಾದರೂ ರೆಕ್ಕೆ ಇಳಿಬಿಟ್ಟು ಮುದುರಿ ಕೂತಿವೆ. ಅಕ್ಕನ ಮುಖವೂ ಹಾಗೇ. ಕೋಳಿ ಸಾಕಿ ತೋರಿಸು ಅಂತ ಅಪ್ಪ ಅವಳಿಗೆ ಕೊಟ್ಟಿದ್ದು ಒಂದೇ ಬ್ಯಾಚು. ಇದು ಹೋದರೆ ಶೆಡ್ಡು ಚಿಕ್ಕಪ್ಪನಿಗೆ.

ಡಾಕ್ಟರು ಬಂದರು. ಕಾಕ್ಸಿಡಿಯಾ ಎಂಬ ರೋಗಾಣು, ಕಣ್ಣಿಗೆ ಕಾಣದ್ದು, ಕರುಳು ತಿನ್ನುತ್ತದಂತೆ. ಐದು ದಿನ ನೀರಿನಲ್ಲಿ ಪುಡಿ ಹಾಕಬೇಕು. ಉಳಿದದ್ದು ನನ್ನ ಕಿವಿಗೆ ಬೀಳಲಿಲ್ಲ — ಅವರ ಬೆನ್ನ ಹಿಂದೆ ನಿಂತು ಅವರ ಹಾಗೇ ಗದ್ದ ಎತ್ತಿ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಅಕ್ಕ ನಗು ತಡೆಯಲು ತುಟಿ ಕಚ್ಚಿಕೊಂಡಳು. ಕರ್ತವ್ಯ ನೆರವೇರಿತು.

ಜೂನ್ 4

ಪುಡಿಯ ಜೊತೆ ಭಾಷಣವೂ ಶುರು. ಬಕೆಟ್ ಬೋರಲು ಹಾಕಿ ಹತ್ತಿ ನಿಂತೆ. “ಮಾನ್ಯ ಕೋಳಿಮರಿಗಳೇ, ಕರುಳಿನ ಶತ್ರುವಿಗೆ ತಲೆಬಾಗದಿರಿ.” ಡಾಕ್ಟರ ಪುಡಿಗಿಂತ ನನ್ನ ಭಾಷಣಕ್ಕೇ ಇವು ಎದ್ದು ಓಡಾಡುತ್ತವೆ ಎಂದು ಘೋಷಿಸಿದೆ.

“ಯಾರಿಂದ ವಾಸಿಯಾದ್ರೂ ಸರಿ ಕಣೋ, ಆದ್ರೆ ಸಾಕು” ಅಂದಳು ಅಕ್ಕ.

ಪವಾಡಕ್ಕೆ ಪೂರ್ವಸಿದ್ಧತೆ ಬೇಕು. ಕಪಾಟಿನಲ್ಲಿದ್ದ ಮರಿಗಳ ವಿಟಮಿನ್ ಟಾನಿಕ್ ಬಾಟಲಿ ನನ್ನ ಜೇಬಿಗೆ. ಅವಳು ಆಚೆ ತಿರುಗಿದಾಗ ಪುಡಿ ಹಾಕಿದ ನೀರಿಗೆ ನಾಲ್ಕು ಮುಚ್ಚಳ. ಮರಿಗಳು ಚುರುಕಾದರೆ ಕೀರ್ತಿ ನನಗೆ.

ಜೂನ್ 8, ಸಂಜೆ

ಐದನೇ ಭಾಷಣಕ್ಕೆ ಸಭಿಕರು ಕಡಿಮೆ. ಹತ್ತೊಂಬತ್ತು ಹೋಗಿವೆ.

ಅಕ್ಕ ಖಾಲಿ ಪೊಟ್ಟಣ ಹಿಡಿದು ಔಷಧಿ ಅಂಗಡಿಗೆ ಹೋದಳು. ನಾನೂ ಹಿಂದೆ. “ನಕಲಿ ಮಾಲು ಕೊಟ್ರಲ್ಲ, ಈ ವಯಸ್ಸಲ್ಲಿ ನಾಚಿಕೆ ಬೇಡ್ವಾ?” ಐದಾರು ಜನ ನಿಂತಿದ್ದರು. ಅಂಗಡಿಯ ತಾತ ಕನ್ನಡಕ ಒರೆಸಿಕೊಂಡು ಪೊಟ್ಟಣದ ತಾರೀಕು ನೋಡಿದರು. “ಸರಿಯಾಗೇ ಇದೆಯಲ್ಲಮ್ಮ” ಅಂದರು, ಮೆತ್ತಗೆ. ಸಾಲಿನಲ್ಲಿದ್ದ ಒಬ್ಬ ತನ್ನ ಚೀಟಿ ಮಡಚಿ ಹೊರಟುಹೋದ.

ಜೂನ್ 9, ಮಧ್ಯಾಹ್ನ

ಡಾಕ್ಟರು ಮತ್ತೆ ಬಂದರು. ಈ ಸಲ ಎದುರಿಗೇ ನಿಂತು ಕೇಳಿದೆ.

“ಈ ಪುಡಿ ರೋಗಾಣುವನ್ನ ಹೊಡೆಯಲ್ಲಮ್ಮ, ಏಮಾರಿಸುತ್ತೆ. ಅದು ಬೆಳೆಯೋಕೆ ಬಿ-ಒನ್ ವಿಟಮಿನ್ ಬೇಕು. ಪುಡೀನೂ ಆ ವಿಟಮಿನ್ ಥರಾನೇ ಇರುತ್ತೆ. ರೋಗಾಣು ಅದನ್ನೇ ವಿಟಮಿನ್ ಅಂದ್ಕೊಂಡು ಒಳಗೆ ಬಿಟ್ಕೊಳ್ಳುತ್ತೆ, ಉಪವಾಸ ಬಿದ್ದು ಸಾಯುತ್ತೆ. ಪಕ್ಕದಲ್ಲೇ ಅಸಲಿ ವಿಟಮಿನ್ ಬೇಕಾದಷ್ಟು ಸಿಕ್ರೆ ಯಾಕೆ ಸಾಯುತ್ತೆ? ಅದಕ್ಕೇ ಟಾನಿಕ್ ಬೇಡ ಅಂದಿದ್ದು. ನಿಲ್ಸಿದ್ರಿ ತಾನೇ?”

“ಅವತ್ತೇ ನಿಲ್ಸಿದೆ. ಬೇಕಾದ್ರೆ ಇವನನ್ನೇ ಕೇಳಿ.”

ತಲೆಯಾಡಿಸಿದೆ. ಅವರನ್ನು ಅಣಕಿಸಿದಾಗ ಆಡಿಸಿದ ಹಾಗೇ, ಗಂಭೀರವಾಗಿ.

ರೋಗಾಣುವಿಗೆ ಆ ಪುಡಿ ಮಾಡುವಷ್ಟು ಅಚ್ಚುಕಟ್ಟಾದ ಕಿತಾಪತಿ ನನ್ನ ಜನ್ಮದಲ್ಲಿ ನಾನು ಮಾಡಿಲ್ಲ. ಅದನ್ನು ಕೆಡಿಸಿದವನೂ ನಾನೇ.

ಜೂನ್ 10

ಅದೇ ಪುಡಿ, ಬೇರೆ ಅಂಗಡಿಯದು. ಬಾಟಲಿ ಮುಟ್ಟಲಿಲ್ಲ.

“ಭಾಷಣ ಎಲ್ಲೋ? ಸಭೆ ಕಾಯ್ತಿದೆ.”

ಬಕೆಟ್ ಹತ್ತಿದೆ. ಹಾಗೇ ಇಳಿದೆ. ಗಂಟಲು ನೋವು ಅಂದೆ. ಅಕ್ಕ ಬಿಸಿನೀರು ಕಾಯಿಸಿ ತಂದಳು. ಕೆನ್ನೆಗೆ ಒಂದು ಬಿಟ್ಟಿದ್ದರೂ ಇಷ್ಟು ಉರಿಯುತ್ತಿರಲಿಲ್ಲ...

ಜೂನ್ 15, ಮಧ್ಯಾಹ್ನ

ಮೂರು ದಿನದಿಂದ ಒಂದೂ ಸತ್ತಿಲ್ಲ. ಉಳಿದ ತೊಂಬತ್ತು ಮೇವಿಗೆ ಮುಗಿಬೀಳುತ್ತಿವೆ. ಊಟಕ್ಕೆ ಕೂತಾಗ ಅಕ್ಕ ಅಪ್ಪನಿಗೆ ಹೇಳಿದಳು — “ನೋಡಿ, ಹೊಸ ಅಂಗಡೀದು ಹೇಗೆ ಕೆಲಸ ಮಾಡ್ತು. ಆ ತಾತ ಮೋಸಗಾರ ಅಂತ ಸಿಕ್ಕಿದವರಿಗೆಲ್ಲ ಹೇಳ್ತಿದೀನಿ.”

ಎದ್ದು ಹೋಗಿ ಬಾಟಲಿ ತಂದು ಅವಳ ತಟ್ಟೆಯ ಪಕ್ಕ ಇಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ಅರ್ಧ ಖಾಲಿ.

“ಎಷ್ಟು ದಿನ ಹಾಕ್ದೆ?”

“ಐದೂ ದಿನ.”

ಕೈ ತೊಳೆದು ಚಪ್ಪಲಿ ಮೆಟ್ಟಿದಳು. “ನಡಿ. ಇವತ್ತಿನ ಭಾಷಣ ಅಂಗಡಿ ಮುಂದೆ.”

ಅದೇ ದಿನ, ಸಂಜೆ

ಇವತ್ತೂ ಐದಾರು ಜನ ಇದ್ದರು. ಅಕ್ಕ ಮೊದಲು ತನ್ನ ತಪ್ಪು ಒಪ್ಪಿಕೊಂಡು ಕೈಮುಗಿದಳು. ಆಮೇಲೆ ನನ್ನ ಬೆನ್ನಿಗೆ ಬೆರಳಲ್ಲಿ ತಿವಿದಳು. ತಾತ ಕನ್ನಡಕ ತೆಗೆದು ಕಾದರು. ಬಾಯಿಗೆ ಬಂದದ್ದು ಹಳೇ ಚಾಳಿ — “ಮಾನ್ಯ...” ಯಾರೋ ಕಿಸಕ್ಕೆಂದರು. ತಾತ ನಗಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದೆ.

“ತಾತಾ, ಪುಡಿ ಸರಿಯಾಗೇ ಇತ್ತು. ನಾನೇ ಅದಕ್ಕೆ ಕದ್ದು ಟಾನಿಕ್ ಬೆರೆಸಿ ಕೆಡಿಸಿದ್ದು.”