ನೀರು ಉಳಿಸಿದ ತಪ್ಪಿಗೆ

ನೀರು ಸರಬರಾಜು ಮಂಡಳಿಯ ಮುಖ್ಯ ಇಂಜಿನಿಯರ್ ಅವರಿಗೆ,

ಮಾನ್ಯರೇ, ನೀರು ಉಳಿಸಿದ್ದಕ್ಕೆ ತಾವು ನಮ್ಮ ಮನೆಗೆ ವಿಧಿಸಿದ ಶಿಕ್ಷೆ ತಲುಪಿದೆ. ಈ ತಿಂಗಳಿಂದ ನಮ್ಮ ಪಾಲಿನ ನೀರು ಅರ್ಧ.

ಬೇಸಿಗೆಯಲ್ಲಿ ತಮ್ಮ ವ್ಯಾನು 'ನೀರು ಉಳಿಸಿ' ಎಂದು ಬೀದಿಬೀದಿಯಲ್ಲಿ ಕೂಗಿತು. ನಾವು ನಂಬಿಬಿಟ್ಟೆವು. ಬಟ್ಟೆ ಜಾಲಿಸಿದ ನೀರಿನಲ್ಲಿ ನೆಲ ಒರೆಸಿದೆ. ನಲ್ಲಿ ಬಿಟ್ಟುಕೊಂಡು ಹಾಡುತ್ತ ಗಡ್ಡ ಕೆರೆದುಕೊಳ್ಳುತ್ತಿದ್ದ ನಮ್ಮ ಯಜಮಾನರು ಒಂದು ಲೋಟ ನೀರಿನಲ್ಲಿ, ಮೌನವಾಗಿ, ಕೆಲಸ ಮುಗಿಸುವುದನ್ನು ಕಲಿತರು. ಮೀಟರು ನಿಧಾನವಾಯಿತು. ಇವರಿಗೆ ಇಷ್ಟೇ ಸಾಕೆಂದು ತಾವು ತೀರ್ಮಾನಿಸಿದಿರಿ. ದಿನವೂ ಕಾರು ತೊಳೆದು, ಉಳಿದದ್ದರಲ್ಲಿ ರಸ್ತೆಗೂ ಸ್ನಾನ ಮಾಡಿಸುವ ಎದುರುಮನೆಯವರ ಪಾಲು ಮಾತ್ರ ಅಲುಗಲಿಲ್ಲ. ಅವರ ಬಳಕೆ ಹೆಚ್ಚಂತೆ.

ಕಚೇರಿಗೆ ಬಂದು ಕೇಳಿದೆ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡರು. "ಉಳಿಸಿ ಅಂದಿದ್ದು ನಿಜ ಮೇಡಂ. ಇಷ್ಟೊಂದು ಉಳಿಸಿ ಅಂದ್ವಾ?"

"ಈಗೇನು ಮಾಡಲಿ?"

"ಮುಂದಿನ ತಿಂಗಳು ಜಾಸ್ತಿ ಖರ್ಚು ಮಾಡಿ ತೋರಿಸಿ, ಪಾಲು ಏರುತ್ತೆ."

"ಬರದ ನೀರನ್ನ ಹೇಗ್ರೀ ಖರ್ಚು ಮಾಡೋದು?"

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಬೀದಿಗೆ ಸುದ್ದಿ ಹಬ್ಬಿತು. ಈಗ ಪಾಲು ಕಳೆದುಕೊಳ್ಳುವ ಭಯಕ್ಕೆ ಮನೆಮನೆಯಲ್ಲೂ ನಲ್ಲಿ ಸುಮ್ಮನೆ ಸುರಿಯುತ್ತಿದೆ. "ಅಕ್ಕಾ, ಅಷ್ಟೊಂದು ಓದಿದೀರಿ, ನಲ್ಲಿ ಬಿಡೋದು ಕಲೀಲಿಲ್ವಾ?" ಎನ್ನುತ್ತಾಳೆ ಪಕ್ಕದ ಮನೆಯಾಕೆ. ಜಲಾಶಯದ ತಳ ಕಾಣುತ್ತಿರುವಾಗ ಊರಿಗೆಲ್ಲ ನೀರು ಚೆಲ್ಲುವುದನ್ನು ಕಲಿಸಿದ ಇಲಾಖೆ ಬೇರೆಲ್ಲಾದರೂ ಇದೆಯೇ?

ನಗುವಷ್ಟು ನಕ್ಕಾಯಿತು. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ದಿನವೂ ಅವರ ಹೊದಿಕೆ, ಹಾಸು ಒಗೆಯಲೇಬೇಕು. ಈಚೆಗೆ ಲೋಟ ಹಿಡಿದರೆ ಮುಖ ತಿರುಗಿಸುತ್ತಾರೆ. "ಬಾಯಾರಿಲ್ಲ ಕಣೇ." ತುಟಿ ಒಡೆದಿದೆ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟರು: "ಕುಡಿದರೆ ಒದ್ದೆಯಾಗುತ್ತೆ, ಒಗೆಯೋಕೆ ನೀರೆಲ್ಲಿದೆ?" ತಮ್ಮ ಮಂಡಳಿಯ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಆದ್ದರಿಂದ, ಮನೆಯಲ್ಲಿ ಎಷ್ಟು ಜನ, ಕಾಯಿಲೆಯವರು ಯಾರು ಎಂದು ನೋಡಿ ಪಾಲು ನಿಗದಿ ಮಾಡಿ. ಉಳಿಸಿದವರದನ್ನು ಕಿತ್ತುಕೊಳ್ಳಬೇಡಿ. ನಮ್ಮ ಪಾಲನ್ನು ಸೋಮವಾರದೊಳಗೆ ಮರಳಿಸಿ. ಇಲ್ಲವಾದರೆ ಮಂಗಳವಾರದಿಂದ ಹಾಸು, ಹೊದಿಕೆಗಳನ್ನೆಲ್ಲ ತಮ್ಮ ಕಚೇರಿಯ ಮುಂದಿನ ಕಾರಂಜಿಯಲ್ಲೇ ಒಗೆಯುತ್ತೇನೆ. ಸೋಪು ನಾನೇ ತರುತ್ತೇನೆ. ಅತ್ತೆಗೆ ಆಗಲೇ ಹೇಳಿದ್ದೇನೆ. ಅವರು ಅರ್ಧ ಲೋಟ ಕುಡಿದರು.

ಇಂತಿ,
ಹೇಳಿದ ಮಾತು ಕೇಳಿ ಕೆಟ್ಟ
ತಮ್ಮ ವಿಧೇಯ ಬಳಕೆದಾರಳು