ಒಂದೇ ಉಂಗುರ

ಅಕ್ಕಾ,

ನೀವು ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ಪ್ರಯೋಗಾಲಯದ ಕಪಾಟು ಖಾಲಿ ಮಾಡಿಸುವಾಗ ನಿಮ್ಮ ಕೈಬರಹದ ಡಬ್ಬವೊಂದು ಸಿಕ್ಕಿತು. ಒಳಗೆ ನಿಮ್ಮ ಕೊನೆಯ ವರ್ಷದ ಕೆಲಸದ ಬಂಗುಡೆ ಮೀನುಗಳ ಕಿವಿಯೊಳಗಿನ ಕಲ್ಲುಗಳು.

ಮೀನು ಬೆಳೆದಂತೆ ಕಲ್ಲಿನಲ್ಲಿ ವರ್ಷಕ್ಕೊಂದು ಉಂಗುರ. ಅದನ್ನು ಇಬ್ಬರು ಎಣಿಸಬೇಕು, ಒಬ್ಬರ ಲೆಕ್ಕ ಇನ್ನೊಬ್ಬರು ನೋಡಬಾರದು ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಕಲಿಸಿದವರು ನೀವೇ. ಆ ಸಲ ನೀವು ಒಂದು ಎಂದು ಬರೆದಿರಿ. ಬಲೆಗೆ ಬೀಳುತ್ತಿರುವುದೆಲ್ಲ ಮರಿಗಳು, ಮೀನುಗಾರಿಕೆ ನಿಲ್ಲಿಸಿ ಎಂದು ಹಟ ಹಿಡಿದಿರಿ. ನಿರ್ದೇಶಕರು ನನ್ನನ್ನು ಒಳಗೆ ಕರೆದರು.

"ಅವರಿಗೆ ವಯಸ್ಸಾಯ್ತಮ್ಮ, ಕಣ್ಣು ಮಂಜಾಗಿದೆ. ನೀನು ಮೂರು ಅಂತ ಬರಿ."

ಬರೆದೆ. ನಿಮ್ಮನ್ನು ಮನೆಗೆ ಕಳಿಸಿದರು, ಬಲೆಗಳು ನಿಲ್ಲಲಿಲ್ಲ. ಈಗ ಬಂದರಿನಲ್ಲಿ ಬಂಗುಡೆಯ ಸುಳಿವಿಲ್ಲ. ನಿರ್ದೇಶಕರ ಕುರ್ಚಿಯಲ್ಲಿ ನಾನಿದ್ದೇನೆ.

ಬಾಗಿಲು ಹಾಕಿಕೊಂಡು, ಡಬ್ಬದಲ್ಲಿದ್ದ ನಿಮ್ಮ ಲೆಕ್ಕದ ಚೀಟಿಗಳನ್ನು ಬೋರಲು ಹಾಕಿ, ಮೂವತ್ತು ಕಲ್ಲುಗಳನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು. ಒಂದು. ಮೂವತ್ತರಲ್ಲೂ ಒಂದೇ.

ಅಷ್ಟರಲ್ಲಿ ಅಟೆಂಡರ್ ಬಾಗಿಲು ತಟ್ಟಿದ. "ಮೇಡಂ, ಕಸದ ಗಾಡಿ ಬಂದಿದೆ. ಆ ಹಳೇ ಡಬ್ಬಾನೂ ಹಾಕ್ಲಾ, ಇಟ್ಕೋತೀರಾ?"

ನಿಮ್ಮ ಕಣ್ಣು ಚೆನ್ನಾಗಿಯೇ ಇತ್ತು, ಅಕ್ಕಾ.

"ಹಾಕು" ಅಂದೆ.